ದುಡ್ಡು ಕಟ್ಟಿದ ಮೇಲೂ ಬೇಕಾದ ತರಕಾರಿ ಯಾಕೆ ಆರಿಸಿಕೊಳ್ಳುವಂತಿಲ್ಲ?

ಪಾಲಿನ ತೋಟಕ್ಕೆ, ಅಂದರೆ ಹಲವು ಮನೆಗಳು ಮುಂಗಡ ಹಣ ಕಟ್ಟಿ ವಾರ ವಾರ ಬೆಳೆಯ ಪಾಲು ಪಡೆಯುವ ತೋಟಕ್ಕೆ, ಹೊಸದಾಗಿ ಸೇರಿದವರು ಮೊದಲ ತಿಂಗಳು ಮುಗಿಯುವುದರೊಳಗೆ ಕೇಳುವ ಪ್ರಶ್ನೆ ಇದು: "ಹಂಗಾಮಿನ ಪೂರ್ತಿ ಹಣ ಮುಂಗಡವಾಗಿ ಕಟ್ಟಿದ್ದೀವಿ. ಆದರೂ ವಾರ ವಾರ ಹೀರೆಕಾಯಿ, ಸೋರೆಕಾಯಿ, ದಂಟಿನ ಸೊಪ್ಪು ಅಂತ ಕೊಟ್ಟದ್ದನ್ನೇ ಒಯ್ಯಬೇಕು. ಟೊಮೆಟೊ, ಕ್ಯಾರೆಟ್ ಕೇಳಿದರೆ ಈಗಿಲ್ಲ ಅಂತೀರಿ. ಇದೆಂಥ ಲೆಕ್ಕ?"

ಕೇಳುವುದರಲ್ಲಿ ತಪ್ಪೇನೂ ಇಲ್ಲ. ನೀವು ಕಟ್ಟಿದ ಹಣ ಹೊಲದ ಒಂದು ಪಾಲಿಗೆ. ಆ ಹೊಲದಿಂದ ಈ ವಾರ ಏನು ಕೈಗೆ ಬರುತ್ತದೆ ಎಂಬುದು ಎರಡು ಮೂರು ತಿಂಗಳ ಹಿಂದೆ ಬಿತ್ತನೆಯ ಪಟ್ಟಿ ಬರೆದ ದಿನವೇ ಗೊತ್ತಾಗಿರುತ್ತದೆ. ಆರಿಸುವ ಹಕ್ಕು ನಿಮಗೆ ಖಂಡಿತ ಇದೆ, ಆದರೆ ಅದನ್ನು ಚಲಾಯಿಸಬೇಕಾದದ್ದು ಆ ಪಟ್ಟಿ ಬರೆಯುವ ದಿನ.

ಈ ಪದ್ಧತಿ ಜಪಾನಿನಲ್ಲಿ 1970ರ ದಶಕದಲ್ಲಿ 'ತೇಕೇ' ಎಂಬ ಹೆಸರಿನಲ್ಲಿ ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರಿನ ಎರಡು ತೋಟಗಳು ಇದನ್ನು ಶುರುಮಾಡಿದವು. ಎಲ್ಲ ಕಡೆಯೂ ಮೂಲ ಒಪ್ಪಂದ ಒಂದೇ: ಮಳೆ ಹೆಚ್ಚಾದರೂ ಕಡಿಮೆಯಾದರೂ ಬೆಳೆಗಾರ ಒಬ್ಬನೇ ಮುಳುಗಬಾರದು, ಬೆಳೆ ಚೆನ್ನಾಗಿ ಬಂದಾಗ ಎಲ್ಲರ ಬುಟ್ಟಿಯೂ ತುಂಬಬೇಕು.

ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿನಲ್ಲಿ 40 ಮನೆಗಳ ಒಂದು ತೋಟವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಮನೆಗೆ ವಾರಕ್ಕೆ 5 ಕೆಜಿ ಎಂದರೂ 200 ಕೆಜಿ ಬೇಕು. ಬೆಂಡೆಕಾಯಿ ಮನೆಗೆ ಅರ್ಧ ಕೆಜಿ ಎಂದರೆ 20 ಕೆಜಿ. ಒಂದು ಗುಂಟೆ ಬೆಂಡೆ ಸುಮಾರು 100 ಕೆಜಿ ಕೊಡುತ್ತದೆ, ಅದೂ ಏಳೆಂಟು ವಾರಗಳಲ್ಲಿ ಹಂಚಿಹೋಗಿ. ಅಂದರೆ ಒಂದೂವರೆ ಗುಂಟೆ ಬೇಕು, ಅದಕ್ಕೆ ಎರಡಡಿ ಸಾಲು, ಒಂದಡಿ ಅಂತರದಲ್ಲಿ ಸುಮಾರು 150 ಗ್ರಾಂ ಬೀಜ. ಬಿತ್ತಿದ 45 ರಿಂದ 50 ದಿನಕ್ಕೆ ಮೊದಲ ಕಾಯಿ. ಬೆಂಡೆ ನಿಲ್ಲದೆ ಬರಬೇಕೆಂದರೆ ಮೊದಲ ಮಡಿ ಕಾಯಿ ಬಿಡಲು ಶುರುಮಾಡುವ ಹೊತ್ತಿಗೆ ಎರಡನೆಯ ಮಡಿ ಬಿತ್ತಿರಲೇಬೇಕು. ಅದೊಂದನ್ನು ಮರೆತರೆ ಎರಡು ತಿಂಗಳ ನಂತರ ಬುಟ್ಟಿಯಲ್ಲಿ ಬೆಂಡೆ ಇರುವುದಿಲ್ಲ, ಆಗ ಯಾರನ್ನು ಬೈದರೂ ಪ್ರಯೋಜನವಿಲ್ಲ.

ಬೆಂಡೆಯದು ಇನ್ನೊಂದು ತಕರಾರು. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಬಿಡಿಸಬೇಕು. ತುದಿ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಎರಡು ದಿನ ತಡವಾದರೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ, ಒಳಗೆ ನಾರು ಬಂದಿರುತ್ತದೆ. ಬಲಿತ ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಗಿಡ ಹೊಸ ಹೂ ಬಿಡುವುದನ್ನೂ ತಗ್ಗಿಸುತ್ತದೆ. ಹಾಗಾಗಿ ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಬಿಡಿಸಲೇಬೇಕು, ಹಂಚಿಕೆ ಮಾತ್ರ ವಾರಕ್ಕೊಮ್ಮೆ. ಇದಕ್ಕೆ ನಮಗೆ ಕಂಡ ಒಳ್ಳೆಯ ದಾರಿ ಮನೆಗಳನ್ನು ಎರಡು ಗುಂಪು ಮಾಡುವುದು: 20 ಮನೆಗೆ ಬುಧವಾರ, 20 ಮನೆಗೆ ಶನಿವಾರ. ಕಾಯಿ ಯಾರ ಮನೆಗೆ ಹೋದರೂ ಎಳೆಯದಾಗಿಯೇ ಹೋಗುತ್ತದೆ.

ಸೊಪ್ಪಿನ ಲೆಕ್ಕ ಸುಲಭ. ನಾಲ್ಕಡಿ ಅಗಲ, 25 ಅಡಿ ಉದ್ದದ ಒಂದು ಮಡಿಯಲ್ಲಿ ಸುಮಾರು 10 ಕೆಜಿ ದಂಟು ಬರುತ್ತದೆ, 250 ಗ್ರಾಂ ಕಟ್ಟು ಮಾಡಿದರೆ ಸರಿಯಾಗಿ 40 ಮನೆಗೆ. ಬಿತ್ತಿ ಕೀಳುವವರೆಗೆ 25 ರಿಂದ 30 ದಿನ, ಮಡಿ ಮತ್ತೆ ಹದ ಮಾಡಲು ಒಂದು ವಾರ. ಹಾಗಾಗಿ ವಾರಕ್ಕೊಂದು ಬಗೆಯ ಸೊಪ್ಪು ತಪ್ಪದೆ ಬೇಕೆಂದರೆ ಆರು ಮಡಿ, ಎರಡು ಬಗೆಗೆ ಹನ್ನೆರಡು. ಬೀಜ ತೀರಾ ಸಣ್ಣದು, ಮಡಿಗೆ 20 ಗ್ರಾಂ ಸಾಕು. ಹತ್ತು ಪಾಲು ಮರಳಿನಲ್ಲಿ ಬೆರೆಸಿ ಎರಚದಿದ್ದರೆ ಒಂದು ಕಡೆ ಗುಂಪು, ಇನ್ನೊಂದು ಕಡೆ ಬೋಳು. ಇರುವೆ ಬೀಜ ಹೊತ್ತೊಯ್ಯುವ ಜಾಗದಲ್ಲಿ ಮಡಿಯ ಅಂಚಿಗೆ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿ, ಅವು ಮೊದಲು ಅದರ ಹಿಂದೆ ಹೋಗುತ್ತವೆ. ಕೊತ್ತಂಬರಿ ಬೀಜವನ್ನು ಇಟ್ಟಿಗೆಯಿಂದ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಬೇಕು. ಬಿರುಬೇಸಿಗೆಯಲ್ಲಿ ಅದು ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲಿ ಕೊತ್ತಂಬರಿ ಕೇಳಬೇಡಿ.

ಇನ್ನು ಟೊಮೆಟೊ. ಹಸ್ತ, ಚಿತ್ತೆ ಮಳೆಯ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಬಯಲಿನಲ್ಲಿ ಔಷಧಿ ಇಲ್ಲದೆ ಟೊಮೆಟೊ ಉಳಿಸುವುದು ಬಹಳ ಕಷ್ಟ. ಮೋಡ, ತಂಪು, ಒಣಗದ ಎಲೆ ಮೂರೂ ಸೇರಿದರೆ ಅಂಗಮಾರಿ ರೋಗ ಹತ್ತುತ್ತದೆ. ಮೊದಲು ಎಲೆಯ ಅಂಚಿನಲ್ಲಿ ನೀರು ನೆಂದಂಥ ಕಪ್ಪು ಮಚ್ಚೆ, ಬೆಳಿಗ್ಗೆ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಬಿಳಿ ಬೂಷ್ಟು. ಅದನ್ನು ಕಂಡ ಒಂದು ವಾರದೊಳಗೆ ಮಡಿಗೆ ಮಡಿಯೇ ಬೆಂಕಿ ತಗುಲಿದ ಹಾಗೆ ಕಾಣುತ್ತದೆ. ಶೇ 1ರ ಬೋರ್ಡೊ ದ್ರಾವಣ ತಡೆಯುತ್ತದೆ, ಆದರೆ ರೋಗ ಬರುವ ಮುಂಚೆ ಹೊಡೆದಿದ್ದರೆ ಮಾತ್ರ. ಅದನ್ನು ಮಾಡುವುದು ಹೀಗೆ: ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರ್ ನೀರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗು ಮಾಡಿದರೆ ದ್ರಾವಣ ಒಡೆಯುತ್ತದೆ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಜಡಿಮಳೆಯಲ್ಲಿ ಇದೂ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಹೊಡೆಯಬೇಕು. ಅಷ್ಟೆಲ್ಲ ತಾಮ್ರ ಮಣ್ಣಿಗೆ ಸೇರಿಸುವ ಬದಲು ಆ ತಿಂಗಳುಗಳಲ್ಲಿ ಟೊಮೆಟೊ ಬಿಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮಳೆ ಹಿಂದೆಗೆದ ಮೇಲೆ, ನವೆಂಬರ್ ಮೊದಲ ವಾರ ಸಸಿ ನೆಟ್ಟರೆ ಜನವರಿಯಿಂದ ಹಣ್ಣು ಧಾರಾಳ.

ಕ್ಯಾರೆಟ್‌ಗೆ ಮೂರು ತಿಂಗಳು ಬೇಕು, ಸಡಿಲ ಮಣ್ಣೂ ಬೇಕು. ಕಲ್ಲು ಸಿಕ್ಕರೆ, ಕಳಿಯದ ಹಸಿ ಗೊಬ್ಬರ ಹಾಕಿದರೆ ಗೆಡ್ಡೆ ಕವಲೊಡೆಯುತ್ತದೆ. ಕಾಲೊಡೆದ ಕ್ಯಾರೆಟ್ ಬುಟ್ಟಿಗೆ ಬಂದರೆ ಒಯ್ಯಿರಿ, ರುಚಿಗೆ ಏನೂ ಕೊರತೆಯಿಲ್ಲ.

ಹೀರೆ, ಸೋರೆ ಹೆಚ್ಚು ಬರುವುದಕ್ಕೂ ಕಾರಣವಿದೆ. ಮಳೆಗಾಲ ಅವುಗಳ ಕಾಲ, ಚಪ್ಪರಕ್ಕೆ ಹಬ್ಬಿದರೆ ಕಾಯಿ ನೆಲಕ್ಕೆ ತಾಗಿ ಕೊಳೆಯುವುದಿಲ್ಲ. ಇವುಗಳ ಹೂ ಸಂಜೆ ಅರಳುತ್ತದೆ, ಕುಂಬಳದ್ದು ಬೆಳಗಿನ ಜಾವ. ಬೆಳಿಗ್ಗೆ ಮಳೆ ಹಿಡಿದು ಜೇನು ಹೊರಡದಿದ್ದರೆ ಕುಂಬಳದ ಮಿಡಿ ಹಳದಿಯಾಗಿ ಉದುರುತ್ತದೆ. ಅಂಥ ದಿನ ಗಂಡು ಹೂವಿನ ದಳ ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಿದರೆ ಕಾಯಿ ಕಚ್ಚುತ್ತದೆ. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ದಳದ ಕೆಳಗೆ ಗೋಲಿಯಷ್ಟು ಮಿಡಿ ಇರುತ್ತದೆ.

ಹಂಚುವಾಗಲೂ ಜಗಳ ಬರಬಾರದಲ್ಲ. ಮೊದಲು ಎಲ್ಲವನ್ನೂ ತೂಗಿ, ಮನೆಗಳ ಸಂಖ್ಯೆಯಿಂದ ಭಾಗಿಸಿ. ಭಾಗ ಒಂದು ಪಲ್ಯಕ್ಕಾಗುವಷ್ಟು ಬಂದರೆ ಎಲ್ಲರಿಗೂ ಕೊಡಿ. 6 ಕೆಜಿ ಬೆಂಡೆಯನ್ನು 20 ಮನೆಗೆ ಹಂಚಿದರೆ ತಲಾ 300 ಗ್ರಾಂ, ನಾಲ್ಕು ಜನರ ಮನೆಗೆ ಅದು ಎತ್ತಲೂ ಸಾಲದು. ಅಂಥ ಹೊತ್ತಿನಲ್ಲಿ 12 ಮನೆಗೆ ಅರ್ಧ ಅರ್ಧ ಕೆಜಿ ಕೊಟ್ಟು, ಸರದಿ ಪುಸ್ತಕದಲ್ಲಿ ಗುರುತು ಹಾಕಿ, ಮುಂದಿನ ಸಲ ಉಳಿದ 8 ಮನೆಯಿಂದ ಶುರುಮಾಡಿ. ಪುಸ್ತಕ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಬೇಕು. ಪಕ್ಕದಲ್ಲಿ ಒಂದು ಬದಲಿ ಬುಟ್ಟಿ ಇಡಿ: ಹಾಗಲ ಬೇಡದವರು ಅದರಲ್ಲಿ ಹಾಕಿ, ಅಷ್ಟೇ ತೂಕದ ಬೇರೆಯದನ್ನು ಎತ್ತಿಕೊಳ್ಳಲಿ. ಹಣ್ಣಾದ ಟೊಮೆಟೊ ಇರುವ ಕ್ರೇಟಿನಲ್ಲಿ ಸೊಪ್ಪು ಮಾತ್ರ ಇಡಬೇಡಿ, ಹಣ್ಣು ಬಿಡುವ ಅನಿಲಕ್ಕೆ ಎಲೆ ಬೇಗ ಹಳದಿಯಾಗುತ್ತದೆ. ಬೆಂಡೆಯನ್ನು ತೊಳೆದು ಕಳಿಸಬೇಡಿ.

ಬಿತ್ತನೆಯ ಪಟ್ಟಿಯನ್ನು ವರ್ಷಕ್ಕೆ ಮೂರು ಸಲ ಬರೆಯಬೇಕಾಗುತ್ತದೆ: ಫೆಬ್ರವರಿ, ಮೇ ಮತ್ತು ಸೆಪ್ಟೆಂಬರ್. ಮನೆಯಲ್ಲಿ ಏನು ಓಡುತ್ತದೆ, ಯಾವುದು ಮೂಲೆಯಲ್ಲಿ ಬಾಡುತ್ತದೆ ಎಂದು ಪಟ್ಟಿ ಬರೆಯುವ ದಿನ ಬಂದು ಹೇಳಿ. ಅವರೆಯದೊಂದು ಮಾತನ್ನು ಮೇ ತಿಂಗಳಲ್ಲೇ ಇತ್ಯರ್ಥ ಮಾಡಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, 4 ತಳಿಗಳು ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ಸೊಗಡಿನ ನಾಟಿ ಅವರೆ ಹಾಗಲ್ಲ, ಹಗಲು ಕುಗ್ಗಿದ ಮೇಲೆಯೇ ಅದು ಹೂವಿಗೆ ಬರುವುದು. ಜುಲೈ, ಆಗಸ್ಟ್‌ನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿದ್ದ ಬೀಜ, ರಾಗಿ ಕೊಯ್ಲಾದ ಮೇಲೆ ಹರಡಿಕೊಂಡು ಡಿಸೆಂಬರ್, ಜನವರಿಗೆ ಕಾಯಿ ತುಂಬುತ್ತದೆ. ಸಂಕ್ರಾಂತಿ ವಾರದ ಬುಟ್ಟಿಗೆ ಮನೆಗೆ ಎಷ್ಟು ಕೆಜಿ ಅವರೆ ಬೇಕು ಎಂಬುದನ್ನು ಮೇ ತಿಂಗಳ ಪಟ್ಟಿಯಲ್ಲಿ ನಿಮ್ಮ ಮನೆಯ ಹೆಸರಿನ ಮುಂದೆ ಬರೆಸಿ.