ಸೀಟಿನ ಲೆಕ್ಕಕ್ಕೆ ಕುಳಿತ ದಿನ

ವಿಮಾನ ಸೇವೆಯ ದ್ವಿಪಕ್ಷೀಯ ಮಾತುಕತೆ ಅಂದರೆ ಆಕಾಶ ಹಂಚಿಕೊಳ್ಳುವ ಗಂಭೀರ ಚರ್ಚೆ ಎಂದುಕೊಂಡವರಿಗೆ ಬೆಳಗಿನ ಕಲಾಪ ನಿರಾಸೆ ತರುತ್ತದೆ. ಅದೆಲ್ಲ ಬರೀ ತಾಳೆ ನೋಡುವ ಕೆಲಸ: ಹಳೆಯ ಒಪ್ಪಂದದಲ್ಲಿ ಯಾರಿಗೆ ಎಷ್ಟು ಸಿಕ್ಕಿತ್ತು, ಬಳಸಿದ್ದೆಷ್ಟು. 1944ರ ಷಿಕಾಗೊ ಒಡಂಬಡಿಕೆಯ 6ನೇ ವಿಧಿಯಂತೆ, ಅನುಮತಿಯಿಲ್ಲದೆ ಇನ್ನೊಂದು ದೇಶಕ್ಕೆ ನಿಗದಿತ ವಿಮಾನ ಓಡಿಸುವಂತಿಲ್ಲ. ಹಾಗಾಗಿ ಈ ಮೇಜು ತಪ್ಪುವುದಿಲ್ಲ.

ಭಾರತ–ದುಬೈ ಲೆಕ್ಕವನ್ನೇ ನೋಡಿ. ಒಂದೊಂದು ಕಡೆಯ ಸಂಸ್ಥೆಗಳಿಗೂ ವಾರಕ್ಕೆ ಸುಮಾರು 66,000 ಸೀಟು. ಈ ಮಿತಿ ಬಹುಕಾಲ ಕದಲಲಿಲ್ಲ. ಎದುರಿನವರು ಹೆಚ್ಚು ಕೇಳುತ್ತಾರೆ. ನಮ್ಮವರ ತಕರಾರು ಬೇರೆ: ಬೆಂಗಳೂರಿನಿಂದ ಹತ್ತಿದವರಲ್ಲಿ ಎಷ್ಟೋ ಜನ ದುಬೈನಲ್ಲಿ ಉಳಿಯುವುದೇ ಇಲ್ಲ, ಲಂಡನ್ನಿಗೋ ನ್ಯೂಯಾರ್ಕಿಗೋ ವಿಮಾನ ಬದಲಿಸುತ್ತಾರೆ. ಆರನೇ ಸ್ವಾತಂತ್ರ್ಯದ, ಅಂದರೆ ಒಂದು ದೇಶದ ಪ್ರಯಾಣಿಕರನ್ನು ತನ್ನ ನೆಲದ ಮೂಲಕ ಮೂರನೇ ದೇಶಕ್ಕೆ ಒಯ್ಯುವುದರ, ಈ ಜಗಳಕ್ಕೇ ಮಧ್ಯಾಹ್ನ ಮುಗಿಯುತ್ತದೆ.

ಎಡವುವುದು ಮಾತ್ರ ಘಟಕದಲ್ಲಿ. ಒಂದು ಸಂಸ್ಥೆಗೆ ವಾರಕ್ಕೆ 1,400 ಸೀಟು ದಕ್ಕಿತು ಅನ್ನಿ. 180 ಸೀಟಿನ ಎ320 ವಿಮಾನ ದಿನಕ್ಕೊಂದು ಹಾರಿದರೆ 1,260. ಉಳಿದ 140ರಲ್ಲಿ ಎಂಟನೇ ವಿಮಾನ ಏಳುವುದಿಲ್ಲ. 232 ಸೀಟಿನ ಎ321 ತಂದರೆ ಆರೇ ಹಾರಾಟಕ್ಕೆ 1,392 ಮುಗಿಯಿತು, ದಿನವಹಿ ಸೇವೆ ಕೈತಪ್ಪಿತು. ಒಪ್ಪಂದ ಸೀಟಿನ ಬದಲು ಹಾರಾಟದ ಸಂಖ್ಯೆಯಲ್ಲಿದ್ದರೆ ದೊಡ್ಡ ವಿಮಾನ ಇದ್ದವನಿಗೇ ಲಾಭ. ಆದ್ದರಿಂದ ಅಂಕಿಗಿಂತ ಮೊದಲು ಅದರ ಪಕ್ಕದ ಪದ ಓದಬೇಕು: ಸೀಟೋ, ಹಾರಾಟವೋ, ಒಂದು ದಿಕ್ಕಿನದೋ, ಎರಡೂ ಸೇರಿಯೋ. ಕೋಡ್‌ಶೇರ್ ಸೀಟು (ಒಂದು ಸಂಸ್ಥೆಯ ವಿಮಾನದಲ್ಲಿ ಇನ್ನೊಂದು ಸಂಸ್ಥೆ ತನ್ನ ಹೆಸರಲ್ಲಿ ಮಾರುವ ಸೀಟು) ಯಾರ ಖಾತೆಗೆ ಬೀಳುತ್ತದೆ ಎಂಬುದನ್ನೂ ಆಗಲೇ ಬರೆಸಿಕೊಳ್ಳುವುದು ವಾಸಿ.

ಊರುಗಳ ಪಟ್ಟಿಯಲ್ಲೂ ಹಗ್ಗಜಗ್ಗಾಟ ಇದ್ದದ್ದೇ. ವಿದೇಶಿ ಸಂಸ್ಥೆ ಪಟ್ಟಿಯಲ್ಲಿರುವ ನಿಲ್ದಾಣಗಳಿಗಷ್ಟೇ ಬರಬಹುದು. ಮಂಗಳೂರಿನಿಂದ ದುಬೈಗೆ ಭಾರತದ ಸಂಸ್ಥೆಗಳೇ ಹಾರುತ್ತಿರುವುದನ್ನು ಕರಾವಳಿಯವರು ಗಮನಿಸಿರುತ್ತಾರೆ.

ದೂರದ ದೇಶಗಳ ಜತೆ ಇಷ್ಟು ರಗಳೆ ಇಲ್ಲ. ಅಮೆರಿಕದೊಂದಿಗೆ 2005ರಲ್ಲೇ ಮುಕ್ತ ಆಕಾಶ ಒಪ್ಪಂದ, ಅಂದರೆ ಹಾರಾಟಕ್ಕೆ ಇಂಥ ಮಿತಿ ಇಲ್ಲದ ಒಪ್ಪಂದವಾಯಿತು. 2016ರ ವಿಮಾನಯಾನ ನೀತಿಯೂ ದೆಹಲಿಯಿಂದ 5,000 ಕಿ.ಮೀ. ಆಚೆಯ ದೇಶಗಳಿಗೆ, ಪರಸ್ಪರ ಒಪ್ಪಿಗೆಯ ಮೇಲೆ, ಮಿತಿ ಸಡಿಲಿಸಿತು.

ಸಂಜೆ ಸಹಿ ಬೀಳುವುದು ಚರ್ಚೆಯ ನಡಾವಳಿಗೆ ಮಾತ್ರ. ಪೂರ್ಣ ಒಪ್ಪಂದವಾದರೆ ಸರ್ಕಾರದ ಅನುಮೋದನೆ, ರಾಜತಾಂತ್ರಿಕ ಪತ್ರಗಳ ವಿನಿಮಯ ಇನ್ನೂ ಬಾಕಿ. ಹಕ್ಕು ಕೈಸೇರಿದ ಮೇಲೂ ಸ್ಲಾಟ್‌ಗಾಗಿ, ಅಂದರೆ ವಿಮಾನ ಇಳಿದೇರುವ ನಿಗದಿತ ಹೊತ್ತಿಗಾಗಿ, ನಿಲ್ದಾಣದವರ ಬಾಗಿಲು ತಟ್ಟಬೇಕು. ಅವರು ರಾತ್ರಿ ಮೂರರ ಹೊತ್ತು ಕೊಟ್ಟರೆ ಮಾರಾಟ ವಿಭಾಗದವರ ಮುಖ ನೋಡಲಾಗದು.