ಅಡ್ವೈಸರ್‌ಗೆ ಬರೆಯುವ ಮೊದಲ ಇ-ಮೇಲ್

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಪದವಿ ಓದಲು ಹೋಗಿರುವ ನಮ್ಮ ಮಕ್ಕಳಲ್ಲಿ ಕೆಲವರು ಅಕಾಡೆಮಿಕ್ ಅಡ್ವೈಸರ್‌ಗೆ, ಅಂದರೆ ಕೋರ್ಸುಗಳ ಆಯ್ಕೆಯಲ್ಲಿ ಸಲಹೆ ಕೊಡುವವರಿಗೆ, ಕಳಿಸುವ ಇ-ಮೇಲನ್ನು ಮೊದಲು ನನಗೆ ತೋರಿಸುವುದುಂಟು. ಹೆಚ್ಚಿನವುಗಳಲ್ಲಿ ಗೌರವದ ಮಾತು ಧಾರಾಳವಾಗಿರುತ್ತದೆ, ವಿಷಯವೇ ಇರುವುದಿಲ್ಲ. ‘ತಮ್ಮನ್ನು ಕಾಣಬೇಕಿತ್ತು, ದಯವಿಟ್ಟು ಸಮಯ ಕೊಡಿ’ ಎಂದಷ್ಟೇ ಬರೆದು, ಉಳಿದದ್ದನ್ನು ಎದುರಿಗೆ ಕೂತಾಗ ಹೇಳಿದರಾಯಿತು ಎಂದುಕೊಂಡಿರುತ್ತಾರೆ.

ಇದು ಸಹಜವೇ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಂಟರ್ ಆಗಿರುವ ಮೇಷ್ಟ್ರನ್ನು ಕಾಣಲು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಸರ್, ಬರಬಹುದಾ’ ಎಂದರೆ ಸಾಕಾಗುತ್ತದೆ. ವಿಟಿಯು ಸ್ಕೀಮಿನಲ್ಲಿ ಬಹುಪಾಲು ವಿಷಯಗಳು ಮೊದಲೇ ನಿಗದಿಯಾಗಿರುವುದರಿಂದ ಯಾವ ಕೋರ್ಸ್ ಬಿಡಬೇಕು ಎಂಬ ಚರ್ಚೆಯೂ ಅಪರೂಪ. ಅಮೆರಿಕದಲ್ಲಿ ಆಯ್ಕೆಯ ಹೊಣೆ ವಿದ್ಯಾರ್ಥಿಯದು, ಮತ್ತು ಅನೇಕ ಕಡೆ ಅಡ್ವೈಸರ್ ‘ಹೋಲ್ಡ್’, ಅಂದರೆ ನೋಂದಣಿಗೆ ಹಾಕಿರುವ ತಡೆ, ತೆಗೆಯುವವರೆಗೆ ಮುಂದಿನ ಸೆಮಿಸ್ಟರಿಗೆ ನೋಂದಣಿಯೇ ಆಗುವುದಿಲ್ಲ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಈ ಭೇಟಿ ಇನ್ನೂ ಮುಖ್ಯ. ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಅದಕ್ಕಿಂತ ಕೆಳಗಿಳಿಯುವುದಾದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿ, ಅಂದರೆ ಡಿಎಸ್‌ಒ, ಮೊದಲೇ ಒಪ್ಪಿರಬೇಕು. ತಪ್ಪಾದ ಹಂತದ ಕೋರ್ಸಿಗೆ ಸೇರಿದ್ದು, ಅಲ್ಲಿನ ಬೋಧನಾ ಕ್ರಮದ ಪರಿಚಯವಿಲ್ಲದಿರುವುದು ಮುಂತಾದ ಕಾರಣಗಳಿಗೆ ಆ ಒಪ್ಪಿಗೆ ಸಿಗುವುದುಂಟು, ಆದರೆ ಆಗಲೂ ಕನಿಷ್ಠ 6 ಕ್ರೆಡಿಟ್ ಉಳಿಸಿಕೊಳ್ಳಬೇಕು, ಮತ್ತು ಡಿಎಸ್‌ಒ ಕಚೇರಿ ಬಹಳಷ್ಟು ಸಲ ಕೇಳುವುದು ಅಡ್ವೈಸರ್ ಸಹಿ ಮಾಡಿದ ಫಾರಂ. ಒಪ್ಪಿಗೆ ಬರುವ ಮೊದಲೇ ಪೋರ್ಟಲಿನಲ್ಲಿ ಕೋರ್ಸ್ ಡ್ರಾಪ್ ಮಾಡಿದರೆ ವೀಸಾ ಸ್ಥಿತಿಗೇ ಕುತ್ತು. ಇಂಥ ಗಂಭೀರ ವಿಷಯವನ್ನು ಇ-ಮೇಲಿನಲ್ಲಿ ಮುಚ್ಚಿಡುವುದು ಸರಿಯಲ್ಲ.

ಆದ್ದರಿಂದ ನಾನು ಹೇಳುವುದು, ವಿಷಯವನ್ನು ಮೊದಲ ಸಾಲಿನಲ್ಲೇ ತಿಳಿಸಿ ಎಂದು. ಇಂಗ್ಲಿಷಿನಲ್ಲಿ ಹೀಗೆ ಬರುವಂತೆ ಬರೆದರೆ ಸಾಕು: ‘ನಾನು ಮೆಕ್ಯಾನಿಕಲ್ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿ. ಕ್ಯಾಲ್ಕುಲಸ್-2 ಬಿಡುವ ಯೋಚನೆಯಿದೆ; ಬಿಟ್ಟರೆ 10 ಕ್ರೆಡಿಟ್ ಮಾತ್ರ ಉಳಿಯುತ್ತದೆ, ನಾನು ಎಫ್-1 ವೀಸಾದಲ್ಲಿದ್ದೇನೆ. ಡ್ರಾಪ್ ಮಾಡಲು ಮುಂದಿನ ಶುಕ್ರವಾರ ಕೊನೆಯ ದಿನ. ಮಂಗಳವಾರ ಬೆಳಿಗ್ಗೆ ಅಥವಾ ಬುಧವಾರ ಎರಡು ಗಂಟೆಯ ನಂತರ ತಮ್ಮನ್ನು ಕಾಣಬಹುದೇ?’ ಇಷ್ಟನ್ನು ಓದಿದ ಅಡ್ವೈಸರ್ ವಿದ್ಯಾರ್ಥಿಯ ಡಿಗ್ರಿ ಆಡಿಟ್ (ಪದವಿಗೆ ಯಾವ ಕೋರ್ಸ್ ಮುಗಿದಿದೆ, ಯಾವುದು ಬಾಕಿ ಎಂಬ ಪಟ್ಟಿ) ನೋಡಿಕೊಂಡೇ ಕೂತಿರುತ್ತಾರೆ, ಭೇಟಿಯ ಅರ್ಧ ಗಂಟೆ ಪೂರ್ವಕಥೆಗೆ ಖರ್ಚಾಗುವುದಿಲ್ಲ. ನೇರವಾಗಿ ಕೇಳುವುದು ಅಲ್ಲಿ ಅವಿನಯವಲ್ಲ. ಅವರ ಸಮಯಕ್ಕೆ ಕೊಡುವ ಮರ್ಯಾದೆ.

ಇ-ಮೇಲ್ ಹೋಗಬೇಕಾದದ್ದು ವಿಶ್ವವಿದ್ಯಾಲಯದ ಖಾತೆಯಿಂದ, ವಿದ್ಯಾರ್ಥಿ ಸಂಖ್ಯೆಯೊಂದಿಗೆ. ಊರಿನಿಂದ ಅಪ್ಪನೋ ಅಮ್ಮನೋ ಬರೆದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಏಕೆಂದರೆ ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆಯಡಿ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ದಾಖಲೆಗಳ ಬಗ್ಗೆ ಮಾತನಾಡಲು ಅಡ್ವೈಸರ್‌ಗಳು ಹಿಂಜರಿಯುತ್ತಾರೆ.

ಎರಡು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಅದೇ ಇ-ಮೇಲಿನ ಕೆಳಗೆ ಒಂದು ಸಾಲು ಬರೆದು ನೆನಪಿಸಬಹುದು. ಕೊನೆಯ ದಿನ ಹತ್ತಿರವಿದ್ದರೆ ಅಡ್ವೈಸಿಂಗ್ ಕಚೇರಿಗೆ ಹೋಗಿ ವಾಕ್-ಇನ್ ಸಮಯ, ಅಂದರೆ ಮೊದಲೇ ಸಮಯ ಗೊತ್ತುಮಾಡದೆ ಕಾಣಬಹುದಾದ ಹೊತ್ತು, ಯಾವಾಗಿದೆ ಎಂದು ಕೇಳಿ. ಡಿಎಸ್‌ಒ ಒಪ್ಪಿಗೆ ಕೈಸೇರುವವರೆಗೆ ತರಗತಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ.