ಕುಸಿಯುವ ಬೆಟ್ಟದ ಮೇಲಿನ ಚಿವಿತಾ

ರೋಮ್‌ನಿಂದ ಉತ್ತರಕ್ಕೆ 100 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹೋದರೆ ಚಿವಿತಾ ದಿ ಬಾನ್ಯೊರೇಜೊ ಅನ್ನೋ ಪುಟ್ಟ ಊರು ಸಿಗುತ್ತದೆ. ಊರು ಅಂದರೆ ಆಳವಾದ ಕಣಿವೆಯ ನಡುವೆ ಒಂಟಿಯಾಗಿ ನಿಂತ ಬಂಡೆ, ಅದರ ನೆತ್ತಿಯ ಮೇಲೆ ಒತ್ತೊತ್ತಾಗಿ ಕಟ್ಟಿದ ಕಲ್ಲಿನ ಮನೆಗಳು, ಅಷ್ಟೇ.

ರೋಮನ್ನರಿಗಿಂತ ಮೊದಲು ಈ ಭಾಗದಲ್ಲಿ ಬಾಳಿದ ಎಟ್ರುಸ್ಕನ್ನರು ಇಲ್ಲಿ ನೆಲೆಸಿ 2500 ವರ್ಷ ಆಯಿತು. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ಕೆಳಗೆ ಜೇಡಿಮಣ್ಣು. ಮಳೆ ಬಂದಾಗೆಲ್ಲ ಆ ಮಣ್ಣು ಕರಗಿ ಜಾರುತ್ತದೆ, ಆಸರೆ ತಪ್ಪಿದ ಬಂಡೆಯ ಅಂಚು ಮನೆಗಳ ಸಮೇತ ಕೆಳಗೆ ಬೀಳುತ್ತದೆ. 1695ರ ಭೂಕಂಪದ ನಂತರ ಜನ ಪಕ್ಕದ ಬಾನ್ಯೊರೇಜೊ ಪಟ್ಟಣಕ್ಕೆ ಹೋಗತೊಡಗಿದರು. 13ನೇ ಶತಮಾನದ ಸಂತ ಬೊನವೆಂಚರ್ ಹುಟ್ಟಿದ್ದು ಚಿವಿತಾದಲ್ಲೇ, ಆದರೆ ಆ ಮನೆ ಎಂದೋ ಕಣಿವೆಗೆ ಬಿದ್ದುಹೋಗಿದೆ.

ಊರಿಗೆ ಹೋಗಲು ಇರುವುದು 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ. ಸುಮಾರು 300 ಮೀಟರ್ ಉದ್ದ, ಕೊನೆಯಲ್ಲಿ ಏರು ಜಾಸ್ತಿ, ಪ್ರವೇಶಕ್ಕೆ ಟಿಕೆಟ್ ಬೇರೆ. ಆ ದುಡ್ಡು ಕೊಡಲೇಬೇಕಾದದ್ದು ಅಂತ ನನ್ನ ಅಭಿಪ್ರಾಯ. ಸಾಂತಾ ಮರಿಯಾ ಹೆಬ್ಬಾಗಿಲಿನ ಮೇಲೆ ಮನುಷ್ಯರ ತಲೆಯನ್ನು ಪಂಜದಲ್ಲಿ ಹಿಡಿದ ಕಲ್ಲಿನ ಸಿಂಹಗಳಿವೆ, ನಿಂತು ನೋಡಿ. ಒಳಗೆ ಹೋದ ಕೂಡಲೇ ಒಂದು ಹಳೇ ಅರಮನೆಯ ಗೋಡೆ ಕಾಣುತ್ತದೆ. ಚೆಂದದ ಕಿಟಕಿಗಳು, ಆದರೆ ಹಿಂದೆ ಕೋಣೆಯೇ ಇಲ್ಲ! ಕಿಟಕಿಯಲ್ಲಿ ಕಾಣುವುದು ಬರೀ ಆಕಾಶ. ನನಗೆ ಗಂಟಲು ಕಟ್ಟಿದಂತಾಯಿತು.

ಚೌಕದಲ್ಲಿ ಸಾನ್ ದೊನಾತೊ ಚರ್ಚ್ ಇದೆ. ವರ್ಷಪೂರ್ತಿ ಇಲ್ಲೇ ಇರುವವರು ಬೆರಳೆಣಿಕೆಯಷ್ಟು ಜನ. ಅವರ ಮೆಟ್ಟಿಲ ಮೇಲೆಲ್ಲ ಹೂವಿನ ಕುಂಡ, ಪಕ್ಕದಲ್ಲೇ ಮಲಗಿರುವ ಬೆಕ್ಕು.